ರಕ್ಷಣೆಯ ನಿಶ್ಚಯ ನಿಂತಿರುವುದು ಯಾವುದರ ಮೇಲೆ?

ಮಾನ್ಯ ಸಂಪಾದಕರೇ,

ಕ್ರೈಸ್ತರ ಕ್ಷಮೆಯ ಬೋಧನೆಯ ಬಗ್ಗೆ ಓದುಗರ ಪತ್ರಗಳಲ್ಲಿ ಆಗಾಗ ಎರಡು ಆಕ್ಷೇಪಗಳು ಕಾಣಿಸುತ್ತವೆ. ‘ಏನು ಮಾಡಿದರೂ ದೇವರು ಕ್ಷಮಿಸುತ್ತಾನೆ ಎಂದು ಹೇಳಿಕೊಟ್ಟರೆ ಜನ ತಪ್ಪು ಮಾಡಲು ಯಾಕೆ ಹೆದರಬೇಕು?’ ಎಂಬುದು ಒಂದು. ‘ನನಗೆ ರಕ್ಷಣೆ ಸಿಕ್ಕಿಯಾಗಿದೆ ಎಂದು ಬದುಕಿರುವಾಗಲೇ ಹೇಳಿಕೊಳ್ಳುವುದು ಸೊಕ್ಕಲ್ಲವೇ?’ ಎಂಬುದು ಇನ್ನೊಂದು. ರಕ್ಷಣೆ ಎಂದರೆ ಇಲ್ಲಿ ಪಾಪದಿಂದಲೂ ಅದರ ದಂಡನೆಯಿಂದಲೂ ಸಿಗುವ ಬಿಡುಗಡೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವುಗಳಿಗಿಂತ ನೋವಿನ ಮೂರನೆಯ ಪ್ರಶ್ನೆಯೊಂದು ಕ್ರೈಸ್ತ ಸಭೆಗಳ (ಚರ್ಚುಗಳ) ಒಳಗಿದೆ. ಅದು ಪತ್ರಿಕೆಯವರೆಗೆ ಬರುವುದಿಲ್ಲ. ‘ನಂಬಿದ್ದೇನೆ, ಪ್ರಾರ್ಥಿಸಿದ್ದೇನೆ, ಪಾಪ ಅರಿಕೆ ಮಾಡಿದ್ದೇನೆ, ಆದರೂ ದೇವರು ನನ್ನನ್ನು ನಿಜವಾಗಿ ಕ್ಷಮಿಸಿದ್ದಾನೋ ಇಲ್ಲವೋ?’ ಈ ಪತ್ರ ಮುಖ್ಯವಾಗಿ ಆ ಪ್ರಶ್ನೆಯನ್ನು ಹೊತ್ತು ತಿರುಗುವವರಿಗಾಗಿ, ಅವರಿಗೆ ಉತ್ತರ ಹೇಳಬೇಕಾದ ಸಭಾಪಾಲಕರಿಗಾಗಿ.

ದೇವರು ತನ್ನನ್ನು ಕನಿಕರವೂ ದಯೆಯೂ ದೀರ್ಘಶಾಂತಿಯೂ ಉಳ್ಳವನೆಂದು ಸಾರಿಕೊಳ್ಳುವುದು ಸತ್ಯವೇದದ (ಬೈಬಲಿನ) ವಿಮೋಚನಕಾಂಡ 34ರ 6ನೇ ವಚನದಲ್ಲಿ. ಆ ಮಾತು ಬಂದ ಸಮಯ ಯಾವುದು ಎಂದು ನೋಡಬೇಕು. ಇಸ್ರಾಯೇಲ್ ಜನರು ಬಂಗಾರದ ಹೋರಿಕರುವಿಗೆ ಅಡ್ಡಬಿದ್ದು, ಅವರ ನಾಯಕ ಮೋಶೆ ಆಜ್ಞೆಯ ಕಲ್ಲಿನ ಹಲಗೆಗಳನ್ನು ಒಡೆದು, ಎರಡನೆಯ ಜೊತೆ ಹಲಗೆಗಳನ್ನು ಕೆತ್ತಿಕೊಂಡು ಬೆಟ್ಟ ಹತ್ತಿದಾಗ ಬಂದ ಮಾತದು. ಕರುಣೆಗೆ ಅರ್ಹತೆ ತೋರಿಸಿದವರಿಗೆ ಹೇಳಿದ್ದಲ್ಲ. ಅದರ ಮುಂದಿನ ವಚನವೇ ಅಪರಾಧವನ್ನು ಶಿಕ್ಷಿಸದೆ ಬಿಡುವವನಲ್ಲ ಎಂದೂ ಹೇಳುತ್ತದೆ. ಕ್ಷಮಿಸುತ್ತಾನೆ, ಆದರೆ ಅಪರಾಧವನ್ನು ಸುಮ್ಮನೆ ಬಿಡುವುದಿಲ್ಲ. ಇವೆರಡು ಒಟ್ಟಿಗೆ ಹೇಗೆ ನಿಲ್ಲುತ್ತವೆ? ಕ್ರೈಸ್ತ ನಂಬಿಕೆಯ ಉತ್ತರ ಶಿಲುಬೆ. ಕ್ರಿಸ್ತನ ಮರಣದಲ್ಲಿ ದೇವರು ತಾನೂ ನೀತಿವಂತನಾಗಿ ಉಳಿದು, ಯೇಸುವನ್ನು ನಂಬಿದವರನ್ನೂ ನೀತಿವಂತರೆಂದು ನಿರ್ಣಯಿಸಿದ್ದಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯ ವಿವರಿಸುತ್ತದೆ. ಪಾಪಗಳನ್ನು ಅರಿಕೆ ಮಾಡಿದರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸುತ್ತಾನೆ ಎಂದು 1 ಯೋಹಾನ 1:9 ಹೇಳುವುದು ಈ ಕಾರಣಕ್ಕೇ. ಕ್ಷಮೆ ದೇವರ ಆ ಹೊತ್ತಿನ ಮನಸ್ಥಿತಿಯನ್ನು ಅವಲಂಬಿಸಿದ್ದರೆ ನಾಳೆ ಅದು ಬದಲಾದೀತು ಎಂಬ ಭಯಕ್ಕೆ ಅರ್ಥವಿತ್ತು. ಅದು ಆತನ ನ್ಯಾಯದ ಮೇಲೆಯೇ ನಿಂತಿರುವುದರಿಂದ ಒಮ್ಮೆ ತೀರಿದ ಲೆಕ್ಕವನ್ನು ಆತ ಮತ್ತೆ ತೆರೆಯುವುದಿಲ್ಲ.

ಮೊದಲ ಆಕ್ಷೇಪಕ್ಕೆ ಬರೋಣ. ರೋಮಾಪುರದವರಿಗೆ ಆ ಪತ್ರ ಬರೆದ ಪೌಲನೇ ಅದನ್ನು ಎತ್ತಿಕೊಂಡಿದ್ದಾನೆ: ಕೃಪೆ ಹೆಚ್ಚಲೆಂದು ಪಾಪದಲ್ಲೇ ಇರೋಣವೇ, ಎಂದಿಗೂ ಇಲ್ಲ (ರೋಮ 6:1-2). ಎಫೆಸದವರಿಗೆ 2:8-9 ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಎನ್ನುತ್ತದೆ. 10ನೇ ವಚನ ಸತ್ಕ್ರಿಯೆಗಳಿಗಾಗಿಯೇ ನಾವು ಹೊಸದಾಗಿ ಸೃಷ್ಟಿಯಾದೆವು ಎನ್ನುತ್ತದೆ. ಮೊದಲ ಎರಡನ್ನು ಬಾಯಿಪಾಠ ಮಾಡಿಸಿ ಮೂರನೆಯದನ್ನು ಬಿಟ್ಟ ಬೋಧಕರಿಂದಲೇ ಅರ್ಧ ಗೊಂದಲ ಹುಟ್ಟಿದೆ. ಕ್ಷಮೆ ಎಂದರೆ ಪರಿಣಾಮಗಳೆಲ್ಲ ಅಳಿಸಿಹೋಗುತ್ತವೆ ಎಂದೂ ಅಲ್ಲ. ಅರಸ ದಾವೀದನಿಗೆ ನಿನ್ನ ಪಾಪವನ್ನು ಕರ್ತನು ತೆಗೆದುಹಾಕಿದ್ದಾನೆ ಎಂದು ಪ್ರವಾದಿ ನಾತಾನ ಹೇಳಿದ ಉಸಿರಿನಲ್ಲೇ ಅದರ ಫಲವನ್ನೂ ಹೇಳಿದ. ಯೇಸುವಿನ ಪಕ್ಕದಲ್ಲಿ ತೂಗುತ್ತಿದ್ದ ಕಳ್ಳನಿಗೆ ಅಂದೇ ಪರದೈಸಿನ (ಸ್ವರ್ಗದ) ವಾಗ್ದಾನ ಸಿಕ್ಕಿತು; ಆದರೆ ಅವನನ್ನು ಶಿಲುಬೆಯಿಂದ ಯಾರೂ ಇಳಿಸಲಿಲ್ಲ, ಅವನೂ ಇಳಿಸಿ ಎಂದು ಕೇಳಲಿಲ್ಲ. ತಾನು ಅನುಭವಿಸುತ್ತಿರುವುದು ನ್ಯಾಯವೇ ಎಂದು ಒಪ್ಪಿಕೊಂಡ. ಅನ್ಯಾಯಕ್ಕೊಳಗಾದವರಿಗೆ ‘ದೇವರು ಕ್ಷಮಿಸಿದ್ದಾನೆ, ನೀವೂ ದೂರು ಕೊಡದೆ ಸುಮ್ಮನಿರಿ’ ಎನ್ನುವವರು ಈ ಭಾಗವನ್ನು ಓದಲೇಬೇಕು. ದೇವರ ಕ್ಷಮೆ ನ್ಯಾಯಾಲಯದ ಬಾಗಿಲು ಮುಚ್ಚುವುದಿಲ್ಲ.

ಕೊಟ್ಟುಬಿಡಬೇಕಾದದ್ದನ್ನು ಕೊಟ್ಟೇಬಿಡಬೇಕು. ಯೇಸುವನ್ನು ಕಂಡ ಸುಂಕದವರ ಮುಖ್ಯಸ್ಥ ಜಕ್ಕಾಯನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೂ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಅದರ ನಾಲ್ಕರಷ್ಟನ್ನು ಕಳಕೊಂಡವರಿಗೂ ಕೊಡುತ್ತೇನೆಂದ. ಸ್ವತಃ ತಪ್ಪೊಪ್ಪಿಕೊಂಡವನು ಅಸಲಿನ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿತ್ತು (ಅರಣ್ಯಕಾಂಡ 5:7). ನಾಲ್ಕರಷ್ಟು ಎಂಬುದು ಕದ್ದ ಕುರಿಯನ್ನು ಕೊಂದವನಿಗೋ ಮಾರಿದವನಿಗೋ ಇದ್ದ ದಂಡ. ಜಕ್ಕಾಯ ತಾನಾಗಿಯೇ ಭಾರವಾದ ಲೆಕ್ಕವನ್ನು ಆರಿಸಿಕೊಂಡ. ಅದರಿಂದ ರಕ್ಷಣೆ ಕೊಂಡುಕೊಂಡನೇ? ಇಲ್ಲ. ಅವನು ಬಾಯಿ ತೆರೆಯುವ ಮೊದಲೇ ಯೇಸು ಅವನ ಹೆಸರು ಹಿಡಿದು ಕರೆದು, ಅವನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಎಂದಿದ್ದ.

ಇನ್ನು ಸೊಕ್ಕಿನ ಮಾತು. ರಕ್ಷಣೆ ಎಂಬುದು ನಾವು ದುಡಿದು ಪಡೆದ ಕೂಲಿಯಾಗಿದ್ದರೆ, ‘ನನಗೆ ಸಿಕ್ಕಿದೆ’ ಎನ್ನುವುದು ಖಂಡಿತ ಸೊಕ್ಕು. ಲೂಕ 18ರಲ್ಲಿ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನಾದ ಫರಿಸಾಯನ ಪ್ರಾರ್ಥನೆ ಅಂಥದ್ದು: ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲೆಲ್ಲಾ ಹತ್ತನೆಯ ಪಾಲು. ಸುಂಕದವನು ದೂರ ನಿಂತು, ಪಾಪಿಯಾದ ನನ್ನನ್ನು ಕರುಣಿಸು ಎಂದಷ್ಟೇ ಹೇಳಿದ. ನೀತಿವಂತನೆಂದು ನಿರ್ಣಯ ಪಡೆದು ಮನೆಗೆ ಹೋದವನು ಆ ಸುಂಕದವನು ಎಂದು ಯೇಸು ಹೇಳುತ್ತಾನೆ. ಭಿಕ್ಷೆಯಾಗಿ ಬಂದದ್ದನ್ನು ಬಂದಿದೆ ಎಂದು ಒಪ್ಪಿಕೊಳ್ಳುವುದರಲ್ಲಿ ಸೊಕ್ಕಿಲ್ಲ. ಕೊಟ್ಟವನ ಮಾತನ್ನು ನಂಬದೆ ಇರುವುದು ವಿನಯವೂ ಅಲ್ಲ. ದೇವಕುಮಾರನನ್ನು ನಂಬಿರುವ ನಿಮಗೆ ನಿತ್ಯಜೀವ ಉಂಟೆಂದು ತಿಳಿಯಲಿ ಎಂದೇ ಯೋಹಾನನು ಬರೆಯುತ್ತಾನೆ (1 ಯೋಹಾನ 5:13). ತಿಳಿಯಬಾರದ ಗುಟ್ಟಾಗಿದ್ದರೆ ಆ ಪತ್ರಕ್ಕೆ ಉದ್ದೇಶವೇ ಇರುತ್ತಿರಲಿಲ್ಲ.

ಮೂರನೆಯ ಪ್ರಶ್ನೆಗೆ ಹೋಗುವ ಮುಂಚೆ ಮೂರು ಸಂಗತಿಗಳನ್ನು ಬೇರೆಬೇರೆ ಇಡಬೇಕು: ರಕ್ಷಣೆ ಹೊಂದಿರುವುದು, ಹೊಂದಿದ್ದೇನೆಂದು ತಿಳಿದಿರುವುದು, ಆ ತಿಳಿವಿನ ನೆಮ್ಮದಿಯನ್ನು ಅನುಭವಿಸುವುದು. ಇವನ್ನು ಒಂದೇ ಎಂದುಕೊಂಡದ್ದರಿಂದ ಆಗಿರುವ ಹಾನಿಗೆ ಲೆಕ್ಕವಿಲ್ಲ. 1640ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾದ, ಪ್ರೊಟೆಸ್ಟಂಟ್ ಬೋಧನೆಯನ್ನು ಸಾರವಾಗಿ ಹೇಳುವ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದ 18ನೇ ಅಧ್ಯಾಯ ಇದನ್ನು ನಾಲ್ಕೇ ಖಂಡಗಳಲ್ಲಿ ಬಿಡಿಸಿಡುತ್ತದೆ. ನಿಜವಾದ ವಿಶ್ವಾಸಿಯೂ ಈ ನಿಶ್ಚಯಕ್ಕಾಗಿ ಬಹುಕಾಲ ಕಾಯಬೇಕಾಗಬಹುದು. ಬಂದ ಮೇಲೂ ಅದು ಅಲುಗಬಹುದು: ಅದನ್ನು ಕಾಪಾಡಿಕೊಳ್ಳುವುದರಲ್ಲಿ ಅಸಡ್ಡೆಯಿಂದ, ಮನಸ್ಸಾಕ್ಷಿಯನ್ನು ಗಾಯಗೊಳಿಸುವ ಯಾವುದೋ ಒಂದು ಪಾಪದಿಂದ, ಹಠಾತ್ತನೆ ಎರಗುವ ಶೋಧನೆಯಿಂದ, ದೇವರು ತನ್ನ ಮುಖದ ಬೆಳಕನ್ನು ಕೆಲಕಾಲ ಮರೆಮಾಡುವುದರಿಂದ. ನಿಶ್ಚಯ ಅಲುಗಿದೆ ಎಂಬ ಮಾತ್ರಕ್ಕೆ ರಕ್ಷಣೆ ಅಲುಗಿತು ಎಂದು ಆ ಅಧ್ಯಾಯ ಎಲ್ಲಿಯೂ ಹೇಳುವುದಿಲ್ಲ.

ಹಾಗಾದರೆ ನಿಶ್ಚಯ ಬರುವುದು ಎಲ್ಲಿಂದ? ಮೂರು ಆಧಾರಗಳನ್ನು ಹೇಳುವ ರೂಢಿಯಿದೆ. ದೇವರ ವಾಗ್ದಾನ ಒಂದು. ನಾವು ದೇವರ ಮಕ್ಕಳೆಂದು ನಮ್ಮ ಆತ್ಮದೊಂದಿಗೆ ಪವಿತ್ರಾತ್ಮನು ಕೊಡುವ ಸಾಕ್ಷಿ ಇನ್ನೊಂದು (ರೋಮ 8:16). ಬದುಕಿನಲ್ಲಿ ಕಾಣುವ ಫಲ ಮತ್ತೊಂದು; ಆಜ್ಞೆಗಳಿಗೆ ವಿಧೇಯತೆ, ಸಹೋದರರ ಮೇಲಿನ ಪ್ರೀತಿ ಎಂದು ಯೋಹಾನನ ಮೊದಲ ಪತ್ರ ಅದನ್ನು ಹೆಸರಿಸುತ್ತದೆ. ಕೆಡುವುದು ಇವುಗಳ ಕ್ರಮ ತಪ್ಪಿದಾಗ. ವಾಗ್ದಾನ ಬುನಾದಿ, ಉಳಿದೆರಡು ಅದರ ಮೇಲೆ ಬರುವಂಥವು. ಫಲವನ್ನೇ ಬುನಾದಿ ಮಾಡಿಕೊಂಡವನು ಪ್ರತಿ ರಾತ್ರಿ ತನ್ನ ದಿನವನ್ನು ತೂಗಿನೋಡುತ್ತಾನೆ. ಸೂಕ್ಷ್ಮ ಮನಸ್ಸಿನವನಾಗಿದ್ದರೆ ಹತಾಶೆಗೆ ಬೀಳುತ್ತಾನೆ, ಒರಟು ಮನಸ್ಸಿನವನಾಗಿದ್ದರೆ ಆತ್ಮತೃಪ್ತಿಗೆ. ಯೋಹಾನನಿಗೆ ಈ ಅಪಾಯ ಗೊತ್ತಿತ್ತು; ಅದಕ್ಕೇ ಅದೇ ಪತ್ರದಲ್ಲಿ, ನಮ್ಮ ಹೃದಯವೇ ನಮ್ಮನ್ನು ದೋಷಿಗಳೆಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎಂದು ಸೇರಿಸಿದ.

ನಂಬಿಕೆಯ ಅಳತೆಯ ಚಿಂತೆಯೂ ಇಂಥದ್ದೇ. ‘ನನ್ನ ನಂಬಿಕೆ ಸಾಲದೇನೋ’ ಎಂದು ಕೊರಗುವವರು ಐಗುಪ್ತದ ಪಸ್ಕದ ರಾತ್ರಿಯನ್ನು ನೆನೆಯಬೇಕು. ಐಗುಪ್ತದ ಚೊಚ್ಚಲು ಮಕ್ಕಳು ಸಾಯುವ ಆ ರಾತ್ರಿ, ಇಸ್ರಾಯೇಲ್ಯರು ಬಾಗಿಲಿಗೆ ಹಚ್ಚಿದ ಕುರಿಮರಿಯ ರಕ್ತವನ್ನು ಕಂಡು ದಾಟಿಹೋಗುತ್ತೇನೆ ಎಂದು ದೇವರು ಹೇಳಿದ್ದ. ಆ ಬಾಗಿಲುಗಳ ಹಿಂದೆ ನಡುಗುತ್ತಾ ಕೂತವರೂ ಇದ್ದಿರಬೇಕು, ನಿಶ್ಚಿಂತೆಯಿಂದ ಉಂಡವರೂ ಇದ್ದಿರಬೇಕು. ಬಾಗಿಲ ನಿಲುವುಗಳ ಮೇಲೆ ರಕ್ತವಿದ್ದ ಮನೆಗಳ ಚೊಚ್ಚಲು ಮಕ್ಕಳೆಲ್ಲ ಒಂದೇ ಸಮನೆ ಉಳಿದರು. ನಂಬುತ್ತೇನೆ, ನನಗೆ ನಂಬಿಕೆ ಕಡಿಮೆಯಿದ್ದರೆ ಸಹಾಯ ಮಾಡು ಎಂದು ಮಾರ್ಕ 9ರಲ್ಲಿ ಕೂಗಿದ ತಂದೆಯ ಮಗನನ್ನು ಯೇಸು ವಾಸಿ ಮಾಡಿದನಲ್ಲದೆ, ಮೊದಲು ನಂಬಿಕೆ ಪೂರ್ತಿ ಮಾಡಿಕೊಂಡು ಬಾ ಎನ್ನಲಿಲ್ಲ.

ತಪ್ಪು ಜಾಗದಲ್ಲಿ ನಿಶ್ಚಯ ಹುಡುಕುವ ಬಗೆಗಳಲ್ಲಿ ದಿನಾಂಕ ಹಿಡಿಯುವುದು ಬಹಳ ಸಾಮಾನ್ಯ. ‘ಯಾವ ದಿನ, ಯಾವ ಹೊತ್ತಿಗೆ ರಕ್ಷಣೆ ಹೊಂದಿದಿರಿ?’ ಎಂದು ಕೇಳುವ ಅಭ್ಯಾಸ ಅನೇಕ ಸಭೆಗಳಲ್ಲಿದೆ. ಬೋಧಕನ ಹಿಂದೆ ಒಂದು ಪ್ರಾರ್ಥನೆ ಹೇಳಿ, ಆ ತಾರೀಖನ್ನು ಸತ್ಯವೇದದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಪ್ರಾರ್ಥನೆಯಲ್ಲಿ ತಪ್ಪೇನಿಲ್ಲ. ಆದರೆ ಇಂತಿಷ್ಟೇ ಮಾತುಗಳನ್ನು ಹೇಳಿದರೆ ರಕ್ಷಣೆ ಎಂಬ ಸೂತ್ರ ಹೊಸ ಒಡಂಬಡಿಕೆಯಲ್ಲಿ ಇಲ್ಲ. ಪೌಲನ ಜೊತೆಗಾರ ತಿಮೊಥೆಯನು ಚಿಕ್ಕಂದಿನಿಂದಲೇ ಪವಿತ್ರ ಗ್ರಂಥಗಳನ್ನು ತಿಳಿದವನು. ಅವನ ತಿರುವಿನ ದಿನ ಯಾವುದೆಂದು ಯಾರೂ ಬರೆದಿಲ್ಲ. ತಾರೀಖಿಗೆ ಜೋತುಬಿದ್ದವರಿಗೆ ಎರಡು ಬಗೆಯ ಕೇಡು. ಇಂದು ಕ್ರಿಸ್ತನ ಗೊಡವೆಯೇ ಇಲ್ಲದವನಿಗೆ ಅದು ಸುಳ್ಳು ನೆಮ್ಮದಿ ಕೊಡುತ್ತದೆ. ‘ಅಂದು ಮನಃಪೂರ್ವಕವಾಗಿ ಹೇಳಿದೆನೋ ಇಲ್ಲವೋ’ ಎಂದು ಅಳುಕುವವನು ಪ್ರತಿ ಕೂಟದಲ್ಲೂ ಎದ್ದು ಮುಂದೆ ಬಂದು ಅದೇ ಪ್ರಾರ್ಥನೆಯನ್ನು ಮತ್ತೆ ಹೇಳುತ್ತಾನೆ. ಕೇಳಬೇಕಾದದ್ದು ಇಷ್ಟೇ: ಈಗ ಯಾರನ್ನು ನೆಚ್ಚಿಕೊಂಡಿದ್ದೀಯ?

ಭಾವನೆಯನ್ನು ನೆಚ್ಚುವುದರ ಬಗ್ಗೆ ಮೆಥೊಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿಯ ದಿನಚರಿಯೇ ಸಾಕ್ಷಿ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದೂ ಕ್ರಿಸ್ತನು ತನ್ನ ಪಾಪಗಳನ್ನು ತೆಗೆದುಹಾಕಿದನೆಂಬ ನಿಶ್ಚಯ ಸಿಕ್ಕಿತೆಂದೂ ಅವನು ಬರೆದದ್ದು ಎಲ್ಲರಿಗೂ ಗೊತ್ತು. ಎಂಟು ತಿಂಗಳು ತುಂಬುವ ಮೊದಲೇ, 1739ರ ಜನವರಿಯಲ್ಲಿ, ತಾನು ಈಗಲೂ ಕ್ರೈಸ್ತನಲ್ಲ ಎಂದು ಅದೇ ದಿನಚರಿಯಲ್ಲಿ ಬರೆದುಕೊಂಡದ್ದನ್ನು ಯಾರೂ ಹೇಳುವುದಿಲ್ಲ. ಬೆಚ್ಚಗಾದ ಹೃದಯ ತಣ್ಣಗಾಗುತ್ತದೆ. ನಿದ್ದೆಗೆಟ್ಟರೆ, ಕಾಯಿಲೆ ಬಿದ್ದರೆ, ಖಿನ್ನತೆ ಕವಿದರೆ, ಮೊದಲು ಮಂಕಾಗುವುದು ದೇವರ ಸಾಮೀಪ್ಯದ ಅನುಭವವೇ. ಕೀರ್ತನೆ 88 ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಆದರೂ ಅದರ ಮೊದಲ ವಚನ ಕರೆಯುವುದು ನನ್ನನ್ನು ರಕ್ಷಿಸುವ ದೇವರೇ ಎಂದು.

ಸಭಾಪಾಲಕರ ಬಳಿ ಅತಿ ಹೆಚ್ಚು ಭಯದಿಂದ ಬರುವವರು ‘ಕ್ಷಮೆಯಿಲ್ಲದ ಪಾಪ’ ಮಾಡಿದ್ದೇನೆ ಎನ್ನುವವರು. ಪವಿತ್ರಾತ್ಮನನ್ನು ದೂಷಿಸುವವನಿಗೆ ಎಂದಿಗೂ ಕ್ಷಮೆಯಿಲ್ಲ ಎನ್ನುವ ಮಾರ್ಕ 3:28-30ನ್ನು ಅವರಿಗೆ ಕೊನೆಯವರೆಗೆ ಓದಿಸಬೇಕು. 30ನೇ ವಚನ ಕಾರಣ ಹೇಳುತ್ತದೆ: ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳು, ಕಣ್ಣೆದುರಿಗೆ ಪವಿತ್ರಾತ್ಮನ ಕೆಲಸ ನೋಡಿಯೂ, ಯೇಸುವಿಗೆ ಅಶುದ್ಧಾತ್ಮ ಹಿಡಿದಿದೆ ಎಂದರು. ಅದು ತಿಳಿದು ತಿಳಿದು ಬೆಳಕನ್ನೇ ಕತ್ತಲೆ ಎನ್ನುವ ಗಟ್ಟಿ ನಿಲುವು. ಬೇಡವೆಂದರೂ ತಲೆಗೆ ನುಗ್ಗುವ ಕೆಟ್ಟ ಆಲೋಚನೆಯಲ್ಲ. ಬಿದ್ದುಹೋದವರನ್ನು ಮತ್ತೆ ತಿರುಗಿಸಲಾಗದು ಎನ್ನುವ ಇಬ್ರಿಯರಿಗೆ 6:4-6, ಅದರ ಜೊತೆ 10:26 ಕೂಡ ಹೀಗೆಯೇ ಹೆದರಿಸುತ್ತವೆ. ಆ ಪತ್ರದ ಓದುಗರು ಆಸ್ತಿ ಸೂರೆಹೋದ ಹಿಂಸೆಯನ್ನು ಕಂಡವರು, ಕ್ರಿಸ್ತನನ್ನೇ ಬಿಟ್ಟು ಹಿಂತಿರುಗುವ ಯೋಚನೆಯಲ್ಲಿದ್ದವರು. ಅಲ್ಲಿನ ಎಚ್ಚರಿಕೆ ದೇವಕುಮಾರನನ್ನು ತುಳಿದುಹೋಗುವವರಿಗೆ. ಸಿಟ್ಟಿಗೋ ದುರಾಸೆಗೋ ಮತ್ತೆ ಮತ್ತೆ ಬಿದ್ದು ಅತ್ತು ಏಳುವವರಿಗಲ್ಲ. ಹಾಗೆ ಬಿಟ್ಟುಹೋದವರು ಮೊದಲು ನಿಜವಾಗಿ ರಕ್ಷಣೆ ಹೊಂದಿದ್ದರೇ ಎಂಬುದರಲ್ಲಿ ಸಭೆಗಳಿಗೆ ಒಮ್ಮತವಿಲ್ಲ. ಕೃಪೆಯಿಂದ ಬೀಳುವುದು ಸಾಧ್ಯ ಎಂದು ಲೂಥರನ್ನರೂ ಮೆಥೊಡಿಸ್ಟರೂ ಹೇಳುತ್ತಾರೆ. ದೇವರು ಆರಿಸಿಕೊಂಡವರನ್ನು ಕೊನೆಯವರೆಗೆ ಕಾಯುತ್ತಾನೆ ಎಂದು 1618-19ರಲ್ಲಿ ಹಾಲೆಂಡಿನಲ್ಲಿ ಸೇರಿದ ಡಾರ್ಟ್ ಸಭೆಯ ನಿರ್ಣಯಗಳನ್ನು ಒಪ್ಪುವ ರಿಫಾರ್ಮ್ಡ್ ಸಭೆಗಳವರು ಹೇಳುತ್ತಾರೆ. ಆದರೆ ನನ್ನ ಬಳಿಗೆ ಬರುವವನನ್ನು ತಳ್ಳಿಬಿಡುವುದಿಲ್ಲ ಎಂಬ ಯೇಸುವಿನ ಮಾತಿನ (ಯೋಹಾನ 6:37) ವಿಷಯದಲ್ಲಿ ಇವರಲ್ಲಿ ಯಾರಿಗೂ ತಕರಾರಿಲ್ಲ. ಬರಲು ಬಯಸುವವನಿಗೆ ಅಷ್ಟು ಸಾಕು.

ಇನ್ನೊಂದು ಗುಂಪಿನವರಿಗೆ ಉಪದೇಶ ಸಾಲದು, ಚಿಕಿತ್ಸೆಯೂ ಬೇಕು. ದೇವದೂಷಣೆಯ ಆಲೋಚನೆ ತಲೆಗೆ ನುಗ್ಗುತ್ತದೆ, ಅದನ್ನು ಅಳಿಸಲು ಅದೇ ಪ್ರಾರ್ಥನೆ ಹತ್ತಾರು ಸಲ, ಒಂದು ಪದ ತಪ್ಪಿದರೆ ಮತ್ತೆ ಮೊದಲಿನಿಂದ. ಅರಿಕೆ ಮಾಡಿದ ಪಾಪವನ್ನೇ ಮತ್ತೆ ಅರಿಕೆ. ‘ನನಗೆ ರಕ್ಷಣೆ ಇದೆಯಲ್ಲವೇ’ ಎಂದು ದಿನವೂ ಕೇಳಿ, ಸಿಕ್ಕ ಸಮಾಧಾನ ಸ್ವಲ್ಪ ಹೊತ್ತಿಗೇ ಕರಗುವುದು. ಇದು ಗೀಳು ಕಾಯಿಲೆ (ಒಸಿಡಿ) ಧಾರ್ಮಿಕ ರೂಪ ತಾಳಿದ್ದಿರಬಹುದು. ನಂಬಿಕೆಯ ಕೊರತೆಯಲ್ಲ, ಪಿಶಾಚಿಯ ಕಾಟವೂ ಅಲ್ಲ. ಇಲ್ಲಿ ಸಮಾಧಾನದ ಮಾತನ್ನೇ ಪದೇಪದೇ ಕೊಡುವುದು ಗೀಳನ್ನು ಬೆಳೆಸುತ್ತದೆ, ಯಾಕೆಂದರೆ ಆತಂಕ ಬಂದೊಡನೆ ಹೊರಗಿನ ಉತ್ತರ ಬೇಕೇಬೇಕೆಂದು ಮನಸ್ಸು ಕಲಿಯುತ್ತದೆ. ಮನೋವೈದ್ಯರು ಔಷಧದ ಜೊತೆಗೆ, ಆತಂಕವನ್ನು ಎದುರಿಸಿಯೂ ಆ ಕ್ರಿಯೆಯನ್ನು ಮಾಡದೆ ತಡೆದುಕೊಳ್ಳುವ ವರ್ತನಾ ಚಿಕಿತ್ಸೆ ಕೊಡುತ್ತಾರೆ. ಸಭಾಪಾಲಕರು ಅದಕ್ಕೆ ಎದುರಾಗಿ ನಿಲ್ಲಬಾರದು. ಸಲಹೆಗೆ ಒಬ್ಬರೇ ಹಿರಿಯರು ಇರಲಿ. ಒಂದು ಪಾಪವನ್ನು ಒಂದೇ ಸಲ ಅರಿಕೆ ಮಾಡಲಿ. ಉತ್ತರವೂ ಒಂದೇ ಸಲ. ಎರಡನೆಯ ಸಲ ಕೇಳಿದರೆ ‘ಇದಕ್ಕೆ ಉತ್ತರ ಆಗಲೇ ಆಗಿದೆ’ ಎಂದು ಪ್ರೀತಿಯಿಂದ ಹೇಳಿ ನಿಲ್ಲಿಸಬೇಕು. ದೀಕ್ಷಾಸ್ನಾನವನ್ನು ಮತ್ತೆ ಕೊಡುವಂತೆ ಬೇಡಿದರೂ ಕೊಡಬಾರದು. ಎರ್‌ಫರ್ಟ್ ಮಠದಲ್ಲಿ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ ಮಾರ್ಟಿನ್ ಲೂಥರನಿಗೆ ಅವನ ಹಿರಿಯ ಯೋಹಾನ್ ಸ್ಟೌಪಿಟ್ಸ್ ಇನ್ನಷ್ಟು ಶೋಧಿಸು ಎನ್ನಲಿಲ್ಲ, ಕ್ರಿಸ್ತನ ಗಾಯಗಳನ್ನು ನೋಡು ಎಂದ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದೇ ಸಂಕಟದಿಂದ ಸಾವಿನ ಯೋಚನೆಯವರೆಗೆ ಹೋದ, ಮುಂದೆ ಜೆಸ್ವಿಟ್ ಸಂಘ ಕಟ್ಟಿದ ಲೊಯೋಲಾದ ಇಗ್ನೇಷಿಯಸ್, ಹಳೆಯ ಪಾಪಗಳನ್ನು ಮತ್ತೆ ನಿವೇದಿಸುವುದನ್ನು ನಿಲ್ಲಿಸಿದ ಮೇಲೆಯೇ ಬಿಡುಗಡೆ ಕಂಡ.

ಕೆಥೊಲಿಕರಿಗೆ ನಿಶ್ಚಯವೇ ಇಲ್ಲ ಎಂದು ಪ್ರೊಟೆಸ್ಟಂಟರು ಹೇಳುವುದೂ ಸರಿಯಲ್ಲ. 1547ರ ಜನವರಿ 13ರಂದು ಕೆಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ ಹೊರಡಿಸಿದ ನಿರ್ಣಯದ 9ನೇ ಅಧ್ಯಾಯ, ದೇವರ ಕರುಣೆಯನ್ನೂ ಕ್ರಿಸ್ತನ ಪುಣ್ಯವನ್ನೂ ಸಂಸ್ಕಾರಗಳ ಬಲವನ್ನೂ ಯಾರೂ ಸಂಶಯಿಸಬಾರದು ಎಂದೇ ಹೇಳಿತು. ತನ್ನ ದೌರ್ಬಲ್ಯವನ್ನು ನೋಡಿಕೊಂಡವನು ಅಳುಕಬಹುದು, ಎಂದೂ ತಪ್ಪಾಗಲಾರದ ನಂಬಿಕೆಯ ಖಚಿತತೆಯಿಂದ ತಾನು ಕೃಪೆಯಲ್ಲಿದ್ದೇನೆ ಎನ್ನಲಾಗದು ಎಂಬುದಷ್ಟೇ ಅದರ ತಡೆ. 1431ರ ವಿಚಾರಣೆಯಲ್ಲಿ, ಕೃಪೆಯಲ್ಲಿದ್ದೀಯಾ ಎಂಬ ಪ್ರಶ್ನೆಗೆ ಫ್ರಾನ್ಸಿನ ಜೋನ್ ಆಫ್ ಆರ್ಕ್ ಕೊಟ್ಟ ಉತ್ತರ ಇದಕ್ಕೆ ಹತ್ತಿರ: ದೇವರ ಕೃಪೆಯಲ್ಲಿ ಇಲ್ಲದಿದ್ದರೆ ಆತ ನನ್ನನ್ನು ಅದರೊಳಗೆ ತರಲಿ, ಇದ್ದರೆ ಅದರಲ್ಲೇ ಇರಿಸಲಿ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕೆಥೊಲಿಕ್ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ದೇವರು ಪಾಪಿಯನ್ನು ನೀತಿವಂತನೆಂದು ನಿರ್ಣಯಿಸುವುದರ ಕುರಿತು ಸಹಿ ಹಾಕಿದ ಜಂಟಿ ಘೋಷಣೆ, ವಿಶ್ವಾಸಿಗಳು ದೇವರ ಕರುಣೆಯನ್ನೂ ವಾಗ್ದಾನಗಳನ್ನೂ ನೆಚ್ಚಿಕೊಳ್ಳಬಹುದು ಎಂದು ಒಟ್ಟಾಗಿ ಅರಿಕೆ ಮಾಡುತ್ತದೆ. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಅದಕ್ಕೆ ಸೇರಿದವು. ಭೇದಗಳು ಉಳಿದಿವೆ, ನಿಜ. ನೋಡಬೇಕಾದ ದಿಕ್ಕಿನಲ್ಲಿ ಭೇದವಿಲ್ಲ.

ನೆಮ್ಮದಿ ಹೇಳಬಾರದ ಸ್ಥಳವೂ ಒಂದಿದೆ. ವಂಚನೆ ನಡೆಸುತ್ತಲೇ ಇದ್ದು ಅದನ್ನು ನಿಲ್ಲಿಸುವ ಮನಸ್ಸೇ ಇಲ್ಲದವನಿಗೆ ‘ನೀನು ಸುರಕ್ಷಿತ’ ಎನ್ನುವ ಅಧಿಕಾರ ಯಾವ ಬೋಧಕನಿಗೂ ಇಲ್ಲ. ಅವನಿಗೆ ಓದಿಸಬೇಕಾದದ್ದು, ಕರ್ತನೇ ಎಂದು ಕರೆದವರೆಲ್ಲ ಒಳಗೆ ಸೇರುವುದಿಲ್ಲ ಎನ್ನುವ ಮತ್ತಾಯ 7:21-23 ಮತ್ತು ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬ 2ನೇ ಅಧ್ಯಾಯ. ಪಾಪದ ಜೊತೆ ಹೋರಾಡುತ್ತಾ ಸೋಲುವವನಿಗೂ ಪಾಪದ ಜೊತೆ ರಾಜಿಯಾದವನಿಗೂ ಒಂದೇ ಔಷಧ ಕೊಟ್ಟರೆ ಇಬ್ಬರೂ ಕೆಡುತ್ತಾರೆ. ಎಚ್ಚರಿಕೆಯ ಮಾತು ಮೊದಲನೆಯವನನ್ನು ಜಜ್ಜುತ್ತದೆ, ವಾಗ್ದಾನದ ಮಾತು ಎರಡನೆಯವನನ್ನು ಮಲಗಿಸುತ್ತದೆ.

ಸಾಯುವವರ ಹಾಸಿಗೆಯ ಬಳಿ ಇದೆಲ್ಲ ಒಮ್ಮೆಗೇ ಬೇಕಾಗುತ್ತದೆ. ‘ನಿಮಗೆ ನಿಶ್ಚಯ ಉಂಟೇ?’ ಎಂದು ಅಲ್ಲಿ ಕೇಳಬಾರದು. ಆ ಪ್ರಶ್ನೆ ರೋಗಿಯನ್ನು ಮತ್ತೆ ತನ್ನೊಳಗೇ ಹುಡುಕಲು ಕಳಿಸುತ್ತದೆ. 1109ರಲ್ಲಿ ತೀರಿಕೊಂಡ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಆನ್ಸೆಲ್ಮನದೆಂದು ಹೇಳುವ, ಸಾಯುವವರಿಗಾಗಿ ಇರುವ ಪ್ರಶ್ನಾವಳಿಯ ಬಗೆ ಬೇರೆ: ಕ್ರಿಸ್ತನು ನಿನಗಾಗಿ ಸತ್ತನೆಂದು ನಂಬುತ್ತೀಯೋ, ಆ ಮರಣದಿಂದಲ್ಲದೆ ಬೇರಾವುದರಿಂದಲೂ ರಕ್ಷಣೆಯಿಲ್ಲವೆಂದು ನಂಬುತ್ತೀಯೋ, ಹಾಗಾದರೆ ಉಸಿರಿರುವವರೆಗೆ ನಿನ್ನ ಭರವಸೆಯನ್ನೆಲ್ಲ ಆ ಮರಣದ ಮೇಲೆಯೇ ಇಡು. ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆಗಳವು. ಓದಲು ಕೀರ್ತನೆ 23ರ ಆರು ವಚನ, ಯೋಹಾನ 10:27-30, ರೋಮ 8:31-39 ಸಾಕು. ಒಂದು ಸಲಕ್ಕೆ ಒಂದೇ ಭಾಗ, ನಿಧಾನವಾಗಿ, ಪರಿಚಿತ ಧ್ವನಿಯಲ್ಲಿ. ಮಾತು ನಿಂತವರಿಗೂ ಕಿವಿ ಕೇಳಿಸುತ್ತಿರಬಹುದು, ಆದ್ದರಿಂದ ಅವರ ಸ್ಥಿತಿಯ ಚರ್ಚೆಯನ್ನು ಹೊರಗೆ ಮಾಡಬೇಕು. ಹಳೆಯ ತಪ್ಪುಗಳ ವಿಚಾರಣೆ ಅಲ್ಲಿ ಬೇಡ. ರೋಗಿಯೇ ಬಾಯಿಬಿಟ್ಟು, ತೀರಿಸದ ಸಾಲವನ್ನೋ ಕೇಳದೆ ಉಳಿದ ಕ್ಷಮೆಯನ್ನೋ ಹೇಳಿದರೆ ಅದನ್ನು ಬರೆದುಕೊಂಡು, ಮನೆಯವರ ಒಪ್ಪಿಗೆ ಪಡೆದು, ಸಂಬಂಧಪಟ್ಟವರಿಗೆ ಮುಟ್ಟಿಸುವ ಹೊಣೆಯನ್ನು ಸಭೆಯ ಹಿರಿಯರು ಹೊತ್ತುಕೊಳ್ಳಬೇಕು.

ಇಂತಿ,
ಸಭೆಯಲ್ಲಿ ಬೋಧನೆಯ ಕೆಲಸದಲ್ಲಿರುವ ಒಬ್ಬ ಓದುಗ